ಮುರಿದ ಸ್ಕೆಗ್ ರಿಪೇರಿ: ಗೇರ್‌ಕೇಸ್ ಕೆಡಿಸಿಕೊಳ್ಳದೆ ಮಾಡುವ ಬಗೆ

ಸ್ಟರ್ನ್‌ಡ್ರೈವ್ (ಎಂಜಿನ್ ಬೋಟಿನೊಳಗೆ, ಡ್ರೈವ್ ಹಿಂಬದಿಯ ಹೊರಗೆ) ಇರಲಿ, ಔಟ್‌ಬೋರ್ಡ್ (ಇಡೀ ಎಂಜಿನ್ ಹಿಂಬದಿಗೆ ತೂಗುಹಾಕಿದ್ದು) ಇರಲಿ, ಪ್ರೊಪೆಲ್ಲರಿನ ಕೆಳಗೆ ಇಳಿಬಿದ್ದಿರುವ ರೆಕ್ಕೆಯಂಥ ಭಾಗವೇ ಸ್ಕೆಗ್. ತಳದಲ್ಲಿ ಏನಾದರೂ ಅಡ್ಡ ಬಂದರೆ ಪ್ರೊಪೆಲ್ಲರಿಗಿಂತ ಮೊದಲು ಅದಕ್ಕೆ ತಾಗುತ್ತದೆ. ಓಡುವಾಗ ಬೋಟು ಅತ್ತಿತ್ತ ಎಳೆಯದೆ ನೇರ ಹೋಗುವುದಕ್ಕೂ ಅದು ಬೇಕು. ಕಾಳಿಯ ಅಳಿವೆಯಲ್ಲಿ ಮಳೆಗಾಲ ಕಳೆದ ಮೇಲೆ ಮರಳದಿಬ್ಬ ಹೋದ ವರ್ಷದ ಜಾಗದಲ್ಲೇ ಇರುತ್ತದೆಂದು ನಂಬುವ ಹಾಗಿಲ್ಲ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಚಿಪ್ಪಿನ ಹಾಸು ಮೇಲೆ ಬರುತ್ತದೆ. ಎಂಜಿನ್ ಎತ್ತದೆ ದಂಡೆಗೆ ನುಗ್ಗಿಸುವ ನಾಡದೋಣಿಗಳಲ್ಲಿ ಸ್ಕೆಗ್ ಮುರಿಯುವುದಕ್ಕಿಂತ ಮರಳಿಗೆ ಉಜ್ಜಿ ಉಜ್ಜಿ ಸವೆಯುವುದೇ ಹೆಚ್ಚು.

ತುಂಡು ಕೂರಿಸಿ ವೆಲ್ಡ್ ಮಾಡುವುದು ಈ ಕೆಲಸದ ಸುಲಭದ ಭಾಗ. ಆ ವೆಲ್ಡಿನ ಬಿಸಿ, ಕರೆಂಟು, ತೇವ ಮೂರೂ ಮೇಲಿನ ಗೇರ್‌ಕೇಸಿಗೆ, ಅಂದರೆ ಗೇರು, ಸೀಲು, ಆಯಿಲ್ ಇರುವ ಎರಕದ ಪೆಟ್ಟಿಗೆಗೆ, ತಟ್ಟದ ಹಾಗೆ ನೋಡಿಕೊಳ್ಳುವುದು ಕಷ್ಟದ್ದು. ರಿಪೇರಿಯಾದ ಸ್ಕೆಗ್ ಚೆನ್ನಾಗಿ ಕಂಡು, ತಿಂಗಳೊಳಗೆ ಗೇರ್ ಆಯಿಲ್ ಹಾಲಿನಂತಾಗಿದ್ದರೆ ತಪ್ಪು ಆಗಿರುವುದು ಅಲ್ಲೇ.

ಮೊದಲು ಪೆಟ್ಟು ಎಲ್ಲಿಯವರೆಗೆ ಹೋಗಿದೆ ನೋಡಿ

ಸ್ಕೆಗ್ ಮುರಿಯುವಷ್ಟು ಜೋರಾಗಿ ತಾಗಿದ್ದರೆ ಪೆಟ್ಟು ಅಲ್ಲಿಗೇ ನಿಂತಿರಬೇಕೆಂದಿಲ್ಲ. ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟಿನ ತುದಿಗೆ ಡಯಲ್ ಗೇಜ್ (ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಹಿಡಿದು ಕೈಯಲ್ಲಿ ನಿಧಾನ ತಿರುಗಿಸಿ. ಸುಮಾರು 0.15 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ಶಾಫ್ಟ್ ಬಾಗಿದೆ ಎಂದೇ ಲೆಕ್ಕ. ನಿಮ್ಮ ಮಾದರಿಯ ಮ್ಯಾನ್ಯುಯಲ್‌ನಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನು ಹಿಡಿಯಿರಿ. ಶಾಫ್ಟ್ ಬಾಗಿದ್ದರೆ ಗೇರ್‌ಕೇಸ್ ಬಿಚ್ಚಲೇಬೇಕು, ಸ್ಕೆಗ್ ಮಾತು ಆಮೇಲೆ. ಸ್ಟರ್ನ್‌ಡ್ರೈವ್ ಆದರೆ ಎಂಜಿನ್ನಿನಿಂದ ಡ್ರೈವಿಗೆ ಬಲ ಒಯ್ಯುವ ಯೂನಿವರ್ಸಲ್ ಜಾಯಿಂಟ್ ಮತ್ತು ಅದರ ಶಾಫ್ಟಿಗೆ ಆಸರೆಯಾದ ಗಿಂಬಲ್ ಬೇರಿಂಗನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಎಂದರೆ ಅವೂ ಕೆಲಸದ ಪಟ್ಟಿಗೆ ಸೇರಿದವು.

ಬಿರುಕು ಹುಡುಕಲು ಡೈ ಪೆನೆಟ್ರಂಟ್ ಕಿಟ್ ಬಳಸಿ. ಬಣ್ಣ ಕೆರೆದು ಒರೆಸಿದ ಲೋಹಕ್ಕೆ ಕೆಂಪು ದ್ರವ ಹೊಡೆದು 10 ರಿಂದ 20 ನಿಮಿಷ ಬಿಡಬೇಕು. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿಕೊಳ್ಳಿ. ನೇರ ಲೋಹದ ಮೇಲೆ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಆಮೇಲೆ ಬಿಳಿ ಡೆವಲಪರ್ ಹೊಡೆಯಿರಿ. ಕೆಂಪು ಗೆರೆ ಸ್ಕೆಗ್ಗಿನಲ್ಲೇ ಮುಗಿದರೆ ಈ ರಿಪೇರಿ ಆಗುತ್ತದೆ. ಗೆರೆ ಗೇರ್‌ಕೇಸಿನ ಹೊಟ್ಟೆಗೆ (ಸ್ಕೆಗ್ಗಿನ ಮೇಲಿನ, ಗೇರುಗಳಿರುವ ಉಬ್ಬಿದ ಭಾಗ) ಏರಿದ್ದರೆ ಗೇರು, ಸೀಲು ಎಲ್ಲ ಹೊರತೆಗೆದೇ ವೆಲ್ಡ್ ಮಾಡಬೇಕು, ಇಲ್ಲವೇ ಹೌಸಿಂಗ್ ಬದಲಿಸಬೇಕು.

ಎಷ್ಟು ಹೋಗಿದೆ ಎನ್ನುವುದರ ಮೇಲೆ ದಾರಿ ಬೇರೆ. ತುದಿಯಲ್ಲಿ ಬೆರಳಗಲ ಚಕ್ಕೆ ಎದ್ದಿದ್ದರೆ ಅರದಿಂದ ಉಜ್ಜಿ ನುಣ್ಣಗೆ ಮಾಡಿ, ಬಣ್ಣ ಬಳಿದು ಸುಮ್ಮನಿರಿ. ಅದಕ್ಕೆ ವೆಲ್ಡ್ ಮಾಡಿಸುವುದು ದಂಡ. ಅಂಚಿನ ಸಣ್ಣ ಕಚ್ಚುಗಳಿಗೆ ಎಪಾಕ್ಸಿ ಸಾಕು. ಕಾಲು ಭಾಗಕ್ಕಿಂತ ಹೆಚ್ಚು ಹೋಗಿದ್ದರೆ ಅಥವಾ ಓಡಿಸುವಾಗ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ ಹೊಸ ತುಂಡು ಕೂರಿಸಿ ವೆಲ್ಡ್ ಮಾಡುವುದೇ ಸರಿ.

ಬಾಗಿದ ಸ್ಕೆಗ್ಗನ್ನು ಸುತ್ತಿಗೆಯಲ್ಲಿ ಹೊಡೆದು ನೇರ ಮಾಡಲು ಹೋಗಬೇಡಿ. ಇದು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಎರಕ, ಹೊಡೆತಕ್ಕೆ ಪಳಕ್ಕನೆ ತುಂಡಾಗುತ್ತದೆ. ಆಗದಿದ್ದರೂ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ. ಬಾಗಿದಷ್ಟನ್ನು ಕತ್ತರಿಸಿ ಹೊಸದು ಕೂರಿಸುವುದು ಕಡಿಮೆ ತಲೆನೋವಿನ ಕೆಲಸ.

ಸಾಮಾನು, ಮತ್ತು ವೆಲ್ಡರ್‌ಗೆ ಕೇಳಬೇಕಾದ ಪ್ರಶ್ನೆ

ನಮ್ಮಲ್ಲಿ ‘ಆರ್ಗನ್ ವೆಲ್ಡಿಂಗ್’ ಎಂದು ಬೋರ್ಡ್ ಇರುವ ಎಷ್ಟೋ ಅಂಗಡಿಗಳಲ್ಲಿ ನಡೆಯುವುದು ಸ್ಟೀಲ್ ರೇಲಿಂಗ್, ಗೇಟಿನ ಕೆಲಸ. ಅದಕ್ಕೆ ಡಿಸಿ ಮೆಷಿನ್ ಸಾಕಾಗುತ್ತದೆ. ಅಲ್ಯೂಮಿನಿಯಂಗೆ ಎಸಿ ಬೇಕು. ಅಲ್ಯೂಮಿನಿಯಂ ಮೇಲೆ ಸದಾ ಕೂತಿರುವ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು; ಕೆಳಗಿನ ಎರಕ 600ರ ಆಸುಪಾಸಿನಲ್ಲೇ ನೀರಾಗುತ್ತದೆ. ಎಸಿಯಲ್ಲಿ ಕರೆಂಟು ದಿಕ್ಕು ಬದಲಿಸಿದಾಗಲೆಲ್ಲ ಆ ಪದರ ಒಡೆಯುತ್ತದೆ. ಆದ್ದರಿಂದ ಕಾರವಾರವಾಗಲಿ ಕುಮಟೆಯಾಗಲಿ, ವರ್ಕ್‌ಶಾಪಿಗೆ ಹೋದಾಗ ಮೊದಲು ಕೇಳಬೇಕಾದ್ದು: ‘ಮೆಷಿನ್ ಎಸಿ-ಡಿಸಿಯಾ? 4043 ರಾಡ್ ಇದೆಯಾ?’

ರಾಡಿನ ಮಾತು ಹಗುರವಾಗಿ ಬಿಡುವಂಥದ್ದಲ್ಲ. 4043ರಲ್ಲಿ ಸುಮಾರು 5 ಶೇಕಡಾ ಸಿಲಿಕಾನ್ ಇರುತ್ತದೆ, ಗೇರ್‌ಕೇಸಿನ ಎರಕಕ್ಕೆ ಹೊಂದುತ್ತದೆ. 4047ರಲ್ಲಿ ಸುಮಾರು 12 ಶೇಕಡಾ. ಅದೂ ಆಗುತ್ತದೆ, ಇನ್ನೂ ಸಲೀಸಾಗಿ ಹರಿಯುತ್ತದೆ. ಅಲ್ಯೂಮಿನಿಯಂ ಬೋಟು ಕಟ್ಟುವವರ ಹತ್ತಿರ ಸಿಗುವ 5356 ರಾಡಿನಲ್ಲಿ ಮೆಗ್ನೀಸಿಯಂ ಇದೆ. ಅದು ಎರಕದ ಸಿಲಿಕಾನ್ ಜೊತೆ ಸೇರಿ ವೆಲ್ಡನ್ನು ಪೆಡಸು ಮಾಡುತ್ತದೆ. ಅಂಥ ವೆಲ್ಡ್ ತಣಿಯುವಾಗಲೇ ಸೀಳಬಹುದು.

ತುಂಡಿನ ಆಯ್ಕೆಗೂ ಇದೇ ಕಾರಣ. ಗುಜರಿಯಲ್ಲಿ ಅದೇ ಮಾದರಿಯ ಹಾಳಾದ ಗೇರ್‌ಕೇಸ್ ಸಿಕ್ಕರೆ ಅದರ ಸ್ಕೆಗ್ಗನ್ನೇ ಕೊಯ್ದು ತನ್ನಿ. ಲೋಹವೂ ಅದೇ, ಆಕಾರವೂ ಅದೇ. ಸಿಗದಿದ್ದರೆ 6061 ದರ್ಜೆಯ ಅಲ್ಯೂಮಿನಿಯಂ ಪ್ಲೇಟ್ ತೆಗೆದುಕೊಳ್ಳಿ, ಉಳಿದ ಸ್ಕೆಗ್ಗಿನ ದಪ್ಪಕ್ಕಿಂತ ಒಂದೆರಡು ಮಿ.ಮೀ. ಹೆಚ್ಚಿರಲಿ, ಆಮೇಲೆ ಉಜ್ಜಿ ಇಳಿಸಬಹುದು. ಬೋಟಿನ ಮೈಗೆ ಹಾಕುವ 5083 ಪ್ಲೇಟಿನ ತುಂಡು ಕೈಗೆ ಸುಲಭವಾಗಿ ಸಿಕ್ಕರೂ ಇಲ್ಲಿ ಬೇಡ. ಅದಕ್ಕೆ 4043 ಒಗ್ಗುವುದಿಲ್ಲ, ಅದಕ್ಕೆ ಒಗ್ಗುವ 5356 ಎರಕಕ್ಕೆ ಒಗ್ಗುವುದಿಲ್ಲ.

ಉಳಿದಂತೆ ಬೇಕಾದವು: ಅಲ್ಯೂಮಿನಿಯಂಗೆಂದೇ ಮೀಸಲಿಟ್ಟ ಹೊಸ ಸ್ಟೇನ್‌ಲೆಸ್ ಬ್ರಷ್, ಕಾರ್ಬೈಡ್ ಬರ್ (ಲೋಹ ಕೆರೆಯುವ ತಿರುಗು ಮೊನೆ), ಅಸಿಟೋನ್, ಹಾಟ್ ಏರ್ ಗನ್, ತಾಪಮಾಪಕ, ಡ್ರೈನ್ ಪ್ಲಗ್ಗಿನ ಹೊಸ ಗ್ಯಾಸ್ಕೆಟ್‌ಗಳು, ಮರೀನ್ ಗೇರ್ ಆಯಿಲ್, ಎರಡು ಪ್ಯಾಕಿನ ಎಪಾಕ್ಸಿ ಪ್ರೈಮರ್. ಒರೆಸಲು ಬ್ರೇಕ್ ಕ್ಲೀನರ್ ಬಳಸಲೇಬೇಡಿ. ಕ್ಲೋರಿನ್ ಇರುವ ಬಗೆಯದಾಗಿದ್ದರೆ ಆರ್ಕ್ ತಾಗಿದೊಡನೆ ಫಾಸ್ಜೀನ್ ವಿಷಾನಿಲ ಏಳುತ್ತದೆ, ಉಸಿರಾಟದ ಮೂಲಕವೇ ಪ್ರಾಣ ತೆಗೆಯುವಂಥದ್ದು.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ವೈರ್ ತೆಗೆದಿಡಿ. ಕೆಳಗಿನ ಡ್ರೈನ್ ಪ್ಲಗ್ ಮೊದಲು, ಮೇಲಿನ ವೆಂಟ್ ಪ್ಲಗ್ ಆಮೇಲೆ ಬಿಚ್ಚಿ ಆಯಿಲ್ ಇಳಿಸಿ. ಕೆಲವು ಮಾದರಿಗಳಲ್ಲಿ ಡ್ರೈನ್ ಪ್ಲಗ್ ಪ್ರೊಪೆಲ್ಲರಿನ ಹಿಂದೆ ಅಡಗಿರುತ್ತದೆ. ಮೊದಲ ಹನಿಗಳನ್ನು ಬಿಳಿ ಬಟ್ಟಲಲ್ಲಿ ಹಿಡಿದು ನೋಡಿ: ಹಾಲಿನ ಬಣ್ಣವಿದ್ದರೆ ಸೀಲು ಮೊದಲೇ ಹೋಗಿದೆ; ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಚೂರುಗಳು ಅಂಟಿದ್ದರೆ ಗೇರಿನ ಹಲ್ಲು ನೋಡಬೇಕು. ನವುರಾದ ಬೂದುಬಣ್ಣದ ಪೇಸ್ಟ್ ಮಾಮೂಲು.

ಪ್ರೊಪೆಲ್ಲರಿನ ನಟ್ಟು, ವಾಷರ್, ಥ್ರಸ್ಟ್ ವಾಷರ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿಡಿ. ಆಮೇಲೆ ಕೆಳಗಿನ ಯೂನಿಟ್ (ಗೇರ್‌ಕೇಸ್ ಇರುವ ಭಾಗ) ಇಳಿಸಬೇಕು. ಟ್ರಿಮ್ ಟ್ಯಾಬ್ (ಪ್ರೊಪೆಲ್ಲರಿನ ಮೇಲಿರುವ, ಸ್ಟೇರಿಂಗ್ ಎಳೆತ ಸರಿದೂಗಿಸುವ ಚಿಕ್ಕ ರೆಕ್ಕೆ) ತೆಗೆಯುವ ಮೊದಲು ಅದರ ಕೋನಕ್ಕೆ ಗೀರು ಹಾಕಿಕೊಳ್ಳಿ. ಅದನ್ನು ತೆಗೆದಾಗ ಅನೇಕ ಮಾದರಿಗಳಲ್ಲಿ ಒಳಗೊಂದು ಬೋಲ್ಟ್ ಕಾಣುತ್ತದೆ. ಅದನ್ನು ಮರೆತು ಯೂನಿಟ್ಟಿಗೆ ಮೀಟುಗೋಲು ಹಾಕಿ ಎರಕ ಒಡೆದುಕೊಂಡವರಿದ್ದಾರೆ. ಇಳಿಸುವಾಗ ಗೇರ್ ಯಾವ ಸ್ಥಾನದಲ್ಲಿರಬೇಕು ಎಂಬುದು ಮಾದರಿಗೊಂದು ಥರ. ಮರ್ಕ್ರೂಸರ್ ಆಲ್ಫಾ ಡ್ರೈವ್ ಫಾರ್ವರ್ಡ್‌ನಲ್ಲಿರಬೇಕು.

ಇಳಿಸದೆ ಬೋಟಿನ ಮೇಲೆಯೇ ವೆಲ್ಡ್ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ತುದಿಯ ಸ್ವಲ್ಪ ಭಾಗವಾದರೆ ಆಗುತ್ತದೆ. ಆದರೂ ಇಳಿಸಿದರೆ ಕೋಣೆಯೊಳಗೆ ಗಾಳಿಯಿಲ್ಲದ ಕಡೆ ಕೆಲಸ ಮಾಡಬಹುದು, ಅದೇ ಕೈಯಲ್ಲಿ ವಾಟರ್ ಪಂಪಿನ ಇಂಪೆಲ್ಲರನ್ನೂ ಬದಲಿಸಬಹುದು.

ಸ್ಕೆಗ್ ಕಡೆಯನ್ನು ಸಿಹಿನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ನೀರು ಪ್ಲಗ್ ತೂತಿನ ಮಟ್ಟಕ್ಕೆ ಏರಬಾರದು. ಎರಕದ ಸಣ್ಣ ರಂಧ್ರಗಳಲ್ಲಿ ಕೂತ ಉಪ್ಪು ಬಿಡದೆ ಹೋದರೆ ವೆಲ್ಡ್ ಮಾಡುವಾಗ ಕಪ್ಪಾಗಿ ಉಕ್ಕುತ್ತದೆ.

ಅಚ್ಚು ಮತ್ತು ಅಂಚು

ಅದೇ ಮಾದರಿಯ ಇನ್ನೊಂದು ಎಂಜಿನ್ ಬಂದರಿನಲ್ಲಿ ಇದ್ದೇ ಇರುತ್ತದೆ. ಅದರ ಸ್ಕೆಗ್ಗಿಗೆ ದಪ್ಪ ರಟ್ಟು ಹಿಡಿದು ಸುತ್ತಲೂ ಗೆರೆ ಎಳೆದು ಕತ್ತರಿಸಿಕೊಳ್ಳಿ. ಹೊಟ್ಟೆಯ ಕೆಳಗಿನಿಂದ ತುದಿಯವರೆಗಿನ ಉದ್ದ, ಹಾಗೆಯೇ ಮೇಲೆ, ನಡುವೆ, ತುದಿಯಲ್ಲಿ ದಪ್ಪ ಎಷ್ಟೆಂದು ರಟ್ಟಿನ ಮೇಲೇ ಬರೆದಿಡಿ. ಇನ್ನೊಂದು ಸಿಗದಿದ್ದರೆ ಉಳಿದ ಸ್ಕೆಗ್ಗಿನ ಮುಂದಿನ ಮತ್ತು ಹಿಂದಿನ ಅಂಚಿಗೆ ಸ್ಕೇಲ್ ಹಿಡಿದು ಅದೇ ಗೆರೆಯನ್ನು ಮುಂದುವರಿಸಿ. ತುದಿ ಪ್ರೊಪೆಲ್ಲರ್ ಸುತ್ತುವ ವೃತ್ತಕ್ಕಿಂತ ಕೆಳಗೆ ಇರಲೇಬೇಕು.

ಮುರಿದ ಅಂಚನ್ನು ಬಿರುಕಿಲ್ಲದ ಒಳ್ಳೆಯ ಲೋಹ ಸಿಗುವವರೆಗೆ ನೇರ ಗೆರೆಯಲ್ಲಿ ಕತ್ತರಿಸಿ. ಕತ್ತರಿಸಿದ ಮೇಲೆ ಹೊಟ್ಟೆಯಿಂದ 25–30 ಮಿ.ಮೀ. ಕೂಡ ಉಳಿಯದಿದ್ದರೆ, ಸೀಲುಗಳನ್ನು ತೆಗೆದೇ ವೆಲ್ಡ್ ಮಾಡಿ ಆಮೇಲೆ ಹೊಸ ಸೀಲು ಹಾಕುವುದೆಂದು ಈಗಲೇ ತೀರ್ಮಾನಿಸಿ.

ಎರಡೂ ತುಂಡುಗಳ ಅಂಚನ್ನು ಎರಡೂ ಬದಿಯಿಂದ 30 ಡಿಗ್ರಿ ಇಳಿಜಾರಾಗಿ ಕೆರೆಯಿರಿ. ಒಂದಕ್ಕೊಂದು ಜೋಡಿಸಿದಾಗ ಆ ಬದಿಗೊಂದು ಈ ಬದಿಗೊಂದು 60 ಡಿಗ್ರಿಯ ‘ವಿ’ ಕಾಣಬೇಕು, ನಡುವೆ 1.5–2 ಮಿ.ಮೀ. ಮೂಲ ಅಂಚು ಉಳಿಯಬೇಕು. ಕೆರೆಯಲು ಕಾರ್ಬೈಡ್ ಬರ್ ಒಳ್ಳೆಯದು. ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಡಿಸ್ಕ್ ಹಾಕಿದರೆ ಅದರ ಚೂರು, ಅಂಟು ಮೆತ್ತನೆಯ ಅಲ್ಯೂಮಿನಿಯಂ ಒಳಗೆ ಹೂತುಕೊಳ್ಳುತ್ತವೆ. ಅಲ್ಲದೆ ಅಲ್ಯೂಮಿನಿಯಂ ಪುಡಿ ಬಿದ್ದಿರುವಲ್ಲಿ ಕಬ್ಬಿಣ ಗ್ರೈಂಡ್ ಮಾಡಿ ಕಿಡಿ ಹಾರಿಸುವುದು ಬೆಂಕಿಗೆ ದಾರಿ. ಅಂಚಿನಿಂದ 40–50 ಮಿ.ಮೀ.ವರೆಗೆ ಎರಡೂ ಕಡೆ ಬಣ್ಣ ಪೂರ್ತಿ ಕೆರೆದು, ಅಸಿಟೋನಿನಿಂದ ಒರೆಸಿ, ಆಮೇಲೆ ಬ್ರಷ್ ಮಾಡಿ. ಮೊದಲು ಬ್ರಷ್ ಮಾಡಿದರೆ ಎಣ್ಣೆಯನ್ನು ಲೋಹದೊಳಗೆ ತಿಕ್ಕಿದಂತೆ.

ವೆಲ್ಡಿಂಗ್

ಯೂನಿಟ್ಟನ್ನು ಮರದ ಸ್ಟ್ಯಾಂಡಿನಲ್ಲಿ ತಲೆಕೆಳಗು ನಿಲ್ಲಿಸಿ, ಸ್ಕೆಗ್ ಮೇಲಕ್ಕೆ ಬರಲಿ. ಹೀಗಿಟ್ಟರೆ ಹೊಟ್ಟೆಗೆ ಸುತ್ತಿದ ಒದ್ದೆ ಬಟ್ಟೆಯ ನೀರು ಕೆಳಕ್ಕೆ ಹರಿಯುತ್ತದೆ, ವೆಲ್ಡಿನ ಕಡೆ ಬರುವುದಿಲ್ಲ. ವೆಂಟ್ ತೂತು ಈಗ ಕೆಳಬದಿಯಲ್ಲಿರುತ್ತದೆ. ಅದು ತೆರೆದಿರಲಿ, ಮೇಲಾದ ಡ್ರೈನ್ ತೂತನ್ನು ಮುಚ್ಚಿ. ಎರಡೂ ಮುಚ್ಚಿದರೆ ಒಳಗಿನ ಗಾಳಿ, ಉಳಿದ ಆಯಿಲ್ ಬಿಸಿಯಾಗಿ ಒತ್ತಡ ಏರಿ ಸೀಲನ್ನು ಹೊರದಬ್ಬುತ್ತದೆ.

ಅರ್ಥಿಂಗ್ ಕ್ಲ್ಯಾಂಪನ್ನು ಸ್ಕೆಗ್ಗಿಗೇ ಹಾಕಿ. ಪ್ರೊಪೆಲ್ಲರ್ ಶಾಫ್ಟಿಗೋ ಮೇಲಿನ ಬೋಲ್ಟಿಗೋ ಸಿಕ್ಕಿಸಿದರೆ ವೆಲ್ಡಿಂಗ್ ಕರೆಂಟು ಬೇರಿಂಗ್, ಗೇರಿನ ಹಲ್ಲುಗಳ ಮೂಲಕ ಹಾದು ಅಲ್ಲಿ ಕಿಡಿ ಹಾರಿ ಸಣ್ಣ ಗುಳಿ ಬೀಳಿಸುತ್ತದೆ. ಆ ಸದ್ದು ಕೇಳಿಸುವುದು ಎಷ್ಟೋ ದಿನಗಳ ಮೇಲೆ, ಕಾರಣ ಆಗ ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಕರಾವಳಿಯ ದೊಡ್ಡ ತೊಡಕು ತೇವ. ಜೂನ್ 1 ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೂ 10 ಅಶ್ವಶಕ್ತಿ ಮೀರಿದ ಎಂಜಿನ್ನಿನ ದೋಣಿಗಳಿಗೂ ಮೀನುಗಾರಿಕೆ ನಿಷೇಧ, ಆದ್ದರಿಂದ ಎಲ್ಲರ ರಿಪೇರಿಯೂ ಆ 61 ದಿನಗಳಿಗೇ ಬೀಳುತ್ತದೆ. ಅಲ್ಯೂಮಿನಿಯಂ ವೆಲ್ಡಿಂಗಿಗೆ ವರ್ಷದಲ್ಲೇ ಕೆಟ್ಟ ಹೊತ್ತು ಅದು. ಕರಗಿದ ಅಲ್ಯೂಮಿನಿಯಂ ತೇವದ ಹೈಡ್ರೋಜನ್ನನ್ನು ಹೀರಿಕೊಂಡು, ಗಟ್ಟಿಯಾಗುವಾಗ ಅದನ್ನು ಗುಳ್ಳೆಯಾಗಿ ಬಿಡುತ್ತದೆ. ಸಾಧ್ಯವಾದರೆ ಸ್ಕೆಗ್ ಕೆಲಸವನ್ನು ಮೇ ಕೊನೆಯೊಳಗೆ ಮುಗಿಸಿ. ಆಗದಿದ್ದರೆ ಮುಚ್ಚಿದ ಕೋಣೆ, ಪ್ಯಾಕ್ ಒಡೆದ ದಿನವೇ ಬಳಸುವ ಒಣ ರಾಡು, ವೆಲ್ಡ್ ಶುರು ಮಾಡುವ ಮೊದಲು ಅಂಚನ್ನು 90 ಡಿಗ್ರಿವರೆಗೆ ಬಿಸಿ ಮಾಡುವುದು, ಇವು ಮೂರೂ ಬೇಕು. ಬಿಸಿಗೆ ಹಾಟ್ ಏರ್ ಗನ್ನೇ ಒಳ್ಳೆಯದು. ಗ್ಯಾಸ್ ಉರಿಯಲ್ಲಿ ನೀರಾವಿ ಹುಟ್ಟುತ್ತದೆ, ತಣ್ಣನೆಯ ಲೋಹದ ಮೇಲೆ ಅದು ಬೆವರಿನಂತೆ ಕೂರುವುದು ಕಣ್ಣಿಗೇ ಕಾಣುತ್ತದೆ. ಕೋಣೆ ಮುಚ್ಚಿದ್ದರೂ ನೆಲಮಟ್ಟದಲ್ಲಿ ಗಾಳಿಯಾಡಲಿ. ಆರ್ಗನ್ ನೆಲಮಟ್ಟದಲ್ಲಿ ತುಂಬಿಕೊಂಡರೆ ಉಸಿರು ಕಟ್ಟುತ್ತದೆ.

6–8 ಮಿ.ಮೀ. ದಪ್ಪದ ಸ್ಕೆಗ್ಗಿಗೆ ಸೆಟ್ಟಿಂಗ್ ಹೀಗಿರಲಿ: ಎಸಿ 150–200 ಆಂಪಿಯರ್, ಕಾಲಿನ ಪೆಡಲ್ ಇದ್ದರೆ ಉತ್ತಮ, 180 ಆಂಪಿಯರಿನವರೆಗೆ 2.4 ಮಿ.ಮೀ. ಟಂಗ್‌ಸ್ಟನ್ ಎಲೆಕ್ಟ್ರೋಡ್, ಮೇಲೆ ಹೋದರೆ 3.2, ಶುದ್ಧ ಆರ್ಗನ್ ನಿಮಿಷಕ್ಕೆ 10–14 ಲೀಟರ್, ರಾಡ್ 2.4 ಮಿ.ಮೀ. ಮೊದಲು ಎರಡು ತುದಿಗೆ 10 ಮಿ.ಮೀ. ಟ್ಯಾಕ್ (ತಾತ್ಕಾಲಿಕ ಹಿಡಿತದ ಚಿಕ್ಕ ವೆಲ್ಡ್) ಹಾಕಿ. ಅಲ್ಲಿ ನಿಲ್ಲಿಸಿ, ಶಾಫ್ಟಿನ ಮಧ್ಯದಿಂದ ಹೊಟ್ಟೆಯ ಮೂಗಿನವರೆಗೆ ದಾರ ಎಳೆದು, ಹೊಸ ತುಂಡು ಆ ಗೆರೆಯಲ್ಲೇ ಇದೆಯೇ, ಹಿಂದಿನಿಂದ ನೋಡಿದಾಗ ನೆಟ್ಟಗಿದೆಯೇ ನೋಡಿ. ಸೊಟ್ಟ ಇದ್ದರೆ ಟ್ಯಾಕ್ ಒಡೆದು ಮತ್ತೆ ಹಾಕುವುದು ಐದು ನಿಮಿಷದ ಕೆಲಸ. ಪೂರ್ತಿ ವೆಲ್ಡ್ ಆದ ಮೇಲೆ ಅದಕ್ಕೆ ಮದ್ದಿಲ್ಲ.

ಇನ್ನು ಬದಿ ಬದಲಿಸುತ್ತಾ 25–30 ಮಿ.ಮೀ.ನ ಚಿಕ್ಕ ಚಿಕ್ಕ ಓಟ. ನಡುವಿನಿಂದ ಹೊರಕ್ಕೆ ಹೋಗಿ. ಪ್ರತಿ ಓಟದ ಕೊನೆಯಲ್ಲಿ ಕರೆಂಟನ್ನು ನಿಧಾನ ಇಳಿಸುತ್ತಾ ಗುಳಿಗೆ ರಾಡ್ ತುಂಬಿ. ತಟ್ಟನೆ ಬಿಟ್ಟರೆ ಅಲ್ಲಿ ನಕ್ಷತ್ರದಾಕಾರದ ಬಿರುಕು ಉಳಿಯುತ್ತದೆ. ಪ್ರತಿ ಓಟದ ನಂತರ ಬ್ರಷ್, ಆಮೇಲೆ ಹೊಟ್ಟೆಯ ಬಿಸಿ ನೋಡುವುದು. ಸೀಲಿನ ರಬ್ಬರಿನ ಬಳಿ 100 ಡಿಗ್ರಿ ದಾಟಲೇಬಾರದು, 80ಕ್ಕೆ ಬಂದಾಗಲೇ ನಿಲ್ಲಿಸಿ ಆರಲು ಬಿಡಿ. ಇನ್‌ಫ್ರಾರೆಡ್ ತಾಪಮಾಪಕ ಹೊಳೆಯುವ ಅಲ್ಯೂಮಿನಿಯಂ ಮೇಲೆ ತೀರಾ ಕಡಿಮೆ ತೋರಿಸುತ್ತದೆ, ಕೈ ಸುಡುವಾಗಲೂ 40 ಎನ್ನಬಹುದು. ಅಳೆಯುವ ಜಾಗದಲ್ಲಿ ಬಣ್ಣ ಉಳಿಸಿಕೊಳ್ಳಿ, ಇಲ್ಲವೇ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ವೆಲ್ಡಿನ ಮೇಲೆ ಕಪ್ಪು ಮಸಿ ಕೂತರೆ ಗ್ಯಾಸ್ ಸಾಲದು, ಗಾಳಿ ಬೀಸುತ್ತಿದೆ, ಅಥವಾ ಕೊಳೆ ಉಳಿದಿದೆ. ಸೂಜಿಮೊನೆಯ ತೂತುಗಳು ಕಂಡರೆ ತೇವ ಅಥವಾ ಎಣ್ಣೆ. ಎರಡಕ್ಕೂ ಮೇಲೆ ಮತ್ತೊಂದು ಪದರ ಹಾಕಿ ಮುಚ್ಚುವುದು ಪರಿಹಾರವಲ್ಲ. ಬರ್ ಹಾಕಿ ಹೊಳೆಯುವ ಲೋಹ ಬರುವವರೆಗೆ ಕೆರೆದು ಮತ್ತೆ ತುಂಬಿ. ಮೂಲೆಯಲ್ಲಿ ಸ್ವಲ್ಪವೇ ಕಡಿಮೆ ಬಿದ್ದರೆ ಹಿಂದೆ ತಾಮ್ರದ ಪಟ್ಟಿ ಹಿಡಿದು ಬರೀ ರಾಡಿನಿಂದಲೇ ತುಂಬಬಹುದು; ತಾಮ್ರದ ದಪ್ಪ ಪಟ್ಟಿ ಬಿಸಿ ಎಳೆದುಕೊಳ್ಳುವುದರಿಂದ ಅದಕ್ಕೆ ಅಂಟುವುದಿಲ್ಲ.

‘ಇನ್ನು ಮುರಿಯಲೇಬಾರದು’ ಎಂದು ಪಕ್ಕಕ್ಕೆ ಪಟ್ಟಿ ಕೊಡುವುದು, ಎರಡರಷ್ಟು ದಪ್ಪ ಮಾಡುವುದು ಬೇಡ. ಸ್ಕೆಗ್ ಮುರಿದು ಪೆಟ್ಟು ನುಂಗಿದರೆ ಗೇರ್‌ಕೇಸ್ ಉಳಿಯುತ್ತದೆ. ಮುಂದಿನ ಕಲ್ಲಿಗೆ ಸ್ಕೆಗ್ ಬಗ್ಗದೆ ನಿಂತರೆ ಒಡೆಯುವುದು ಹೊಟ್ಟೆಯೇ. ವೆಲ್ಡಿನ ಪಕ್ಕದಲ್ಲಿ 6061 ಸ್ವಲ್ಪ ಮೆತ್ತಗಾಗುತ್ತದೆ, ಅದರಿಂದ ಇಲ್ಲಿ ನಷ್ಟವೇನಿಲ್ಲ.

ಆಕಾರ, ಒತ್ತಡ ಪರೀಕ್ಷೆ, ಬಣ್ಣ

ತಣಿದ ಮೇಲೆ ಬರ್, ಅರ, ನಂತರ 80, 120, 240 ನಂಬರಿನ ಎಮರಿ. ಮುಂದಿನ ಅಂಚು ದುಂಡಗೆ, ಹಿಂದಿನ ಅಂಚು 1.5–2 ಮಿ.ಮೀ.ಗೆ ತೆಳುವಾಗಿ, ಎರಡೂ ಮೈ ಒಂದೇ ಸಮ. ಒಂದು ಬದಿ ಉಬ್ಬಿದ್ದರೆ ಬೋಟು ಆ ಕಾರಣಕ್ಕೇ ಒಂದು ಕಡೆ ಎಳೆಯುತ್ತದೆ. ಕಣ್ಣು ಮುಚ್ಚಿ ಬೆರಳು ಆಡಿಸಿದರೆ ವೆಲ್ಡ್ ಎಲ್ಲಿದೆಯೆಂದು ಗೊತ್ತಾಗಬಾರದು. ಮತ್ತೊಮ್ಮೆ ಡೈ ಪೆನೆಟ್ರಂಟ್ ಹಾಕಿ ನೋಡಿ.

ಆಯಿಲ್ ತುಂಬುವ ಮೊದಲು ಒತ್ತಡ ಪರೀಕ್ಷೆ. ಒಂದು ಪ್ಲಗ್ ಮುಚ್ಚಿ, ಇನ್ನೊಂದಕ್ಕೆ ಕೈಪಂಪು ಮತ್ತು ಗೇಜ್ ಕೂರಿಸಿ 10–12 ಪಿಎಸ್‌ಐ ತುಂಬಿ 5 ನಿಮಿಷ ಬಿಡಿ. ಶಾಫ್ಟನ್ನು ತಿರುಗಿಸುತ್ತಿರಿ, ಸೀಲಿನ ಸುತ್ತ ಸೋಪು ನೀರು ಹಚ್ಚಿ. ಮುಳ್ಳು ಇಳಿಯಬಾರದು. ಟೈರಿನ ಕಂಪ್ರೆಸರ್ ಜೋಡಿಸಬೇಡಿ, ಕ್ಷಣದಲ್ಲಿ ಒತ್ತಡ ಮಿತಿ ಮೀರಿ ಒಳ್ಳೆಯ ಸೀಲೂ ಹೋಗುತ್ತದೆ.

ಉಜ್ಜಿದ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ನಿಮಿಷಗಳಲ್ಲೇ ಕೂರುತ್ತದೆ, ಹಾಗಾಗಿ ಕೊನೆಯ ಎಮರಿ, ಅಸಿಟೋನ್, ಎಪಾಕ್ಸಿ ಪ್ರೈಮರ್ ಒಂದರ ಹಿಂದೊಂದು ನಡೆಯಲಿ. ಪ್ರೈಮರ್ ಎರಡು ಕೋಟ್, ಮೇಲೆ ಬಣ್ಣ ಎರಡು ಕೋಟ್. ಮಳೆಯ ದಿನ ಲೋಹವನ್ನು ಬಲ್ಬಿನ ಬಿಸಿಯಲ್ಲಿ ಬೆಚ್ಚಗಿಟ್ಟು ಹೊಡೆಯಿರಿ, ಇಲ್ಲವಾದರೆ ಎಪಾಕ್ಸಿಯ ಮೇಲೆ ಜಿಗುಟು ಪದರ ಏಳುತ್ತದೆ, ಮುಂದಿನ ಕೋಟ್ ಹಿಡಿಯುವುದಿಲ್ಲ. ಪಾಚಿ, ಚಿಪ್ಪು ತಡೆಯಲು ಮರದ ಬೋಟಿಗೆ ಹಚ್ಚುವ ತಾಮ್ರದ ಬಣ್ಣ ಇಲ್ಲಿ ನಿಷಿದ್ಧ. ಉಪ್ಪುನೀರಲ್ಲಿ ತಾಮ್ರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ವೆಲ್ಡ್ ಬೇಡವೆಂದರೆ

ಸ್ಟೇನ್‌ಲೆಸ್ ಸ್ಕೆಗ್ ಗಾರ್ಡ್ ಬೋಲ್ಟ್ ಹಾಕಿ ತೊಡಿಸುವ ಕವಚ. ಮೂಲ ಸ್ಕೆಗ್ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮಾತ್ರ ಹಿಡಿತ ಸಿಗುತ್ತದೆ. ಬರಿಯ ಲೋಹಕ್ಕೆ ಲೋಹ ತಾಗಿಸಿ ಬಿಗಿದರೆ ಉಪ್ಪುನೀರಲ್ಲಿ ಸ್ಟೀಲ್ ಉಳಿದು ಅಲ್ಯೂಮಿನಿಯಂ ಕರಗುತ್ತದೆ. ಆದ್ದರಿಂದ ಸ್ಕೆಗ್ಗಿಗೆ ಬಣ್ಣ, ಕವಚದೊಳಗೆ ಪೂರ್ತಿ ಪಾಲಿಯುರೆಥೇನ್ ಸೀಲಂಟ್, ತೂತುಗಳ ಒಳಮೈಗೂ ಸೀಲಂಟ್, ಬೋಲ್ಟ್ 316 ಗ್ರೇಡ್. ಎಪಾಕ್ಸಿ ಪುಟ್ಟಿ 15–20 ಮಿ.ಮೀ. ಒಳಗಿನ ಕಚ್ಚುಗಳಿಗೆ ಸರಿ. ಇಡೀ ತುದಿಯನ್ನು ಪುಟ್ಟಿಯಲ್ಲಿ ಕಟ್ಟಿದರೆ ಮೊದಲ ಮರಳದಿಬ್ಬಕ್ಕೇ ಉದುರುತ್ತದೆ.

ಜೋಡಿಸಿ ನೀರಿಗಿಳಿಸುವುದು

ಬೋಲ್ಟುಗಳಿಗೆ ಮರೀನ್ ಗ್ರೀಸ್ ಹಚ್ಚಿ, ಟ್ರಿಮ್ ಟ್ಯಾಬನ್ನು ಗೀರಿನ ಜಾಗಕ್ಕೇ ಕೂರಿಸಿ. ಗೇರ್ ಆಯಿಲನ್ನು ಕೆಳಗಿನ ತೂತಿನಿಂದಲೇ ಪಂಪ್ ಮಾಡಿ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹರಿದಾಗ ಮೊದಲು ಮೇಲಿನ ಪ್ಲಗ್, ಆಮೇಲೆ ಕೆಳಗಿನದು, ಎರಡಕ್ಕೂ ಹೊಸ ಗ್ಯಾಸ್ಕೆಟ್. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಅಳತೆ ತಪ್ಪುತ್ತದೆ. ಆನೋಡ್ (ಡ್ರೈವಿನ ಲೋಹದ ಬದಲು ತಾನೇ ಸವೆಯುವ ತುಂಡು) ಅರ್ಧ ಸವೆದಿದ್ದರೆ ಬದಲಿಸಿ. ಸಮುದ್ರಕ್ಕೆ ಸತು ಅಥವಾ ಅಲ್ಯೂಮಿನಿಯಂ ಎರಡೂ ನಡೆಯುತ್ತವೆ. ಕಾಳಿ, ಶರಾವತಿ, ಅಘನಾಶಿನಿಯ ಸವಳು ನೀರಿನಲ್ಲೂ ಓಡಾಡುವ ಬೋಟಿಗೆ ಅಲ್ಯೂಮಿನಿಯಂ ಆನೋಡ್ ಒಳ್ಳೆಯದು. ಮೆಗ್ನೀಸಿಯಂ ಸಿಹಿನೀರಿನದು. ಆನೋಡಿಗೆ ಬಣ್ಣ ಬಳಿದರೆ ಅದು ಇದ್ದೂ ಇಲ್ಲದ ಹಾಗೆ.

ಮೊದಲ ಓಟ ಭರತದ ನೀರಿನಲ್ಲಿ, ಅರ್ಧ ವೇಗದಲ್ಲಿ ಇರಲಿ. ಸ್ಟೇರಿಂಗ್ ಸಡಿಲ ಹಿಡಿದಾಗ ಎರಡೂ ಕಡೆ ಸಮ ಇದ್ದರೆ ವೇಗ ಏರಿಸಿ. ಒಂದೇ ಕಡೆ ಎಳೆದರೆ ಮೊದಲು ಟ್ರಿಮ್ ಟ್ಯಾಬ್ ನೋಡಿ, ಅದು ಸರಿಯಿದ್ದರೆ ಸ್ಕೆಗ್ಗಿನ ಆಕಾರ. ಸುಮಾರು 10 ತಾಸು ಓಡಿದ ಮೇಲೆ ಎಂಜಿನ್ ತಣ್ಣಗಾಗಿ ರಾತ್ರಿ ಕಳೆದ ಬೆಳಿಗ್ಗೆ, ಬೋಟು ಅಲುಗಿಸದೆ ಕೆಳಗಿನ ಪ್ಲಗ್ ಒಂದೆರಡು ಸುತ್ತು ಸಡಿಲಿಸಿ. ನೀರು ಹೊಕ್ಕಿದ್ದರೆ ಆಯಿಲಿಗಿಂತ ಭಾರವಾದ ಅದೇ ಮೊದಲು ಹನಿಯುತ್ತದೆ.